ಕ್ಯಾಲೆಂಡರ್ ಹಾಳೆಯ ಮೇಲೆ ವಿಯೆಟ್ನಾಂ

ನಮ್ಮ ವಿಯೆಟ್ನಾಂ ಪ್ರವಾಸದ ಮೊದಲ ಪಟ್ಟಿಯಲ್ಲಿ ಹನ್ನೊಂದು ಊರುಗಳಿದ್ದವು. ಸಾಪಾ, ಹಾ ಲಾಂಗ್ ಕೊಲ್ಲಿ, ದಲಾತ್, ಫು ಕ್ವಾಕ್ ದ್ವೀಪ... ಒಂದೊಂದು ವಿಡಿಯೋ ನೋಡಿದಾಗಲೂ ಒಂದೊಂದು ಊರು ಸೇರಿಕೊಳ್ಳುತ್ತಿತ್ತು. ಕೈಯಲ್ಲಿದ್ದದ್ದು ಮೂರು ವಾರ. ನನಗೂ ಅಕ್ಕನಿಗೂ ಅದೇ ಮೊದಲ ವಿದೇಶ ಪ್ರವಾಸ.

ಕೊನೆಗೆ ಅಕ್ಕ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸಿ, 2024ರ ಮಾರ್ಚ್ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಊರು ಎಣಿಸಬೇಡ ಕಣೇ, ರಾತ್ರಿ ಎಣಿಸು. ಯಾವತ್ತು ಎಲ್ಲಿ ಮಲಗ್ತೀವಿ ಅಂತ ಒಂದೊಂದು ಮನೆಯಲ್ಲೂ ಬರಿ" ಅಂದಳು. ಬರೆಯುತ್ತಾ ಹೋದ ಹಾಗೆ ಬಣ್ಣ ಬಯಲಾಯಿತು. ಹನ್ನೊಂದು ಊರು ಅಂದರೆ ಹತ್ತು ಸಲ ಗಂಟುಮೂಟೆ ಕಟ್ಟಬೇಕು. ಕಟ್ಟಿದ ದಿನವೆಲ್ಲ ಅರ್ಧ ದಿನ ಹೋದ ಹಾಗೇ. ಉತ್ತರದ ಹನೋಯಿಯಿಂದ ದಕ್ಷಿಣದ ಸೈಗಾನ್‌ಗೆ (ಈಗಿನ ಹೋ ಚಿ ಮಿನ್ ನಗರ) ರೈಲು ಹಳಿಯೇ 1,726 ಕಿಲೋಮೀಟರ್ ಇದೆ, ಸುಮ್ನೆ ಅಲ್ಲ. ಹೊಡೆದು ಹಾಕಿ ಉಳಿದದ್ದು ಆರು: ಹನೋಯಿ 4 ರಾತ್ರಿ, ನಿನ್ ಬಿನ್ 3, ರೈಲಿನಲ್ಲಿ ಒಂದು, ಹ್ಯುಯೆ 3, ಹೊಯಿ ಆನ್ 5, ಸೈಗಾನ್ ಮತ್ತು ಕಾನ್ ಥೊ ಸೇರಿ 4.

ಹಾ ಜಾಂಗ್ ಬೆಟ್ಟದ ದಾರಿಯಲ್ಲಿ ಸ್ಕೂಟರ್ ಓಡಿಸುವ ಆಸೆ ನನಗಿತ್ತು. ಅದು ಬಿದ್ದುಹೋಗಿದ್ದು ಲೈಸೆನ್ಸ್ ಕಾರಣಕ್ಕೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂನವರು ಒಪ್ಪುವುದು 1968ರದ್ದು. ಬಾಡಿಗೆಗೆ ಗಾಡಿ ಯಾರು ಬೇಕಾದರೂ ಕೊಡುತ್ತಾರೆ, ನಿಜ. ಬಿದ್ದರೆ ವಿಮೆ ಬರುವುದಿಲ್ಲ ಅಷ್ಟೇ.

ಮಾರ್ಚ್ ಯಾಕೆ ಅಂದರೆ, ಉದ್ದದ ದೇಶ ಅದು, ಎಲ್ಲ ಕಡೆ ಒಂದೇ ಹವೆ ಇರುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ನಡುಭಾಗದ ಕರಾವಳಿಗೆ ಜೋರು ಮಳೆ, ಹೊಯಿ ಆನ್ ಬೀದಿಗೆ ಹೊಳೆ ನೀರೇ ನುಗ್ಗುತ್ತದೆ. ಆ ವರ್ಷ ಅವರ ಹೊಸವರ್ಷ ತೆತ್ ಫೆಬ್ರವರಿ 10ಕ್ಕೆ ಬಿದ್ದಿತ್ತು. ಆಗ ಊರಿಗೆ ಊರೇ ಪ್ರಯಾಣದಲ್ಲಿರುತ್ತದೆ, ಅಂಗಡಿಗಳಿಗೂ ಬೀಗ. ಅದು ಮುಗಿದು ತಿಂಗಳಾಗಲಿ ಅಂತ ಕಾದೆವು.

ಇ-ವೀಸಾ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಅಕ್ಕನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ ಅಲ್ವಾ? ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ತುಂಬಿದೆವು, ತೊಂದರೆಯಾಗಲಿಲ್ಲ.

ಎಡವಿದ್ದು ಬೇರೆ ಕಡೆ. ವಿಮಾನ ಇಳಿಯುವುದು ಮಾರ್ಚ್ 10, ಅಂದರೆ 9ರ ಮಧ್ಯರಾತ್ರಿ ಕಳೆದು ಒಂದೂವರೆಗೆ. ನಾನು ಹೋಟೆಲ್ ಬುಕ್ ಮಾಡಿದ್ದೂ 10ಕ್ಕೇ. ಆದರೆ 10ರ ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ! 9ನೇ ತಾರೀಕಿನ ಮನೆಯಲ್ಲಿ "ವಿಮಾನ" ಅಂತ ಬರೆದು ಮುಂದೆ ಹೋಗಿದ್ದೆ. ರಿಸೆಪ್ಷನ್ ಸೋಫಾದ ಮೇಲೆ ಬ್ಯಾಗ್ ತಬ್ಬಿಕೊಂಡು ಬೆಳಗು ಮಾಡಿದೆವು. ಅಕ್ಕ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅದೇ ದಿನ ಕ್ಯಾಲೆಂಡರ್ ಇನ್ನೊಂದು ಕೆಲಸಕ್ಕೆ ಬಂತು. ನಾವಿಬ್ಬರೂ ಸಸ್ಯಾಹಾರಿಗಳು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ ಅಂತ ಹೆದರಿಕೊಂಡೇ ಹೋಗಿದ್ದೆವು. ಆದರೆ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಮೀನು ಮುಟ್ಟುವುದಿಲ್ಲ. ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ. ಒಂದು ದಿನ ಆಚೀಚೆ ಆಗಬಹುದು. ನಮ್ಮ ಹಾಳೆಯಲ್ಲಿ 10ಕ್ಕೆ ಕಪ್ಪು ಚುಕ್ಕಿ ಇತ್ತು. ಹನೋಯಿಯಲ್ಲಿ ಅವತ್ತು 'ಕೊಮ್ ಚಾಯ್' ಬೋರ್ಡು ಇದ್ದ ಕಡೆಯೆಲ್ಲ ಜನ. ಸಸ್ಯಾಹಾರಕ್ಕೆ ಚಾಯ್ ಅನ್ನುತ್ತಾರೆ. ರಾಗ ತಪ್ಪಿದರೆ ಅದೇ ಮಾತಿಗೆ 'ಓಡು' ಅಂತಲೂ ಅರ್ಥ, 'ಸುಟ್ಟುಹೋಯ್ತು' ಅಂತಲೂ ಅರ್ಥ. ಹಾಗಾಗಿ ಬಾಯಿ ನಂಬದೆ, "ಮಾಂಸ, ಮೀನು, ಮೀನಿನ ಸಾಸ್ ಬೇಡ" ಅಂತ ಅವರ ಭಾಷೆಯಲ್ಲಿ ಒಂದು ಚೀಟಿ ಬರೆಸಿಕೊಂಡೆವು. ಇಪ್ಪತ್ತು ದಿನ ಕೈಯಲ್ಲಿ ಆಡಿ ಅದರ ಮೂಲೆಯೆಲ್ಲ ಮೆತ್ತಗಾಗಿತ್ತು.

ಹುಣ್ಣಿಮೆಯನ್ನಂತೂ ಬೇಕೆಂದೇ ಹೊಂದಿಸಿದ್ದೆವು. ಹೊಯಿ ಆನ್ ಹಳೇ ಪೇಟೆಯಲ್ಲಿ ಚಾಂದ್ರಮಾನ ಹದಿನಾಲ್ಕನೇ ರಾತ್ರಿ ವಿದ್ಯುತ್ ದೀಪ ಆರಿಸಿ ಬರೀ ಲಾಟೀನು ಹಚ್ಚುತ್ತಾರೆ. ಅದು ಆ ಸಲ ಮಾರ್ಚ್ 23, ಶನಿವಾರ. ಜನಜಂಗುಳಿ ಜಾಸ್ತಿಯೇ ಇತ್ತು. ಸೇತುವೆ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು, 40 ಕಿಲೋಮೀಟರ್ ದೂರದ ಮಿ ಸೊನ್‌ಗೆ ಹೋದೆವು. ಹಿಂದೆ ಆ ಕಡೆ ಆಳುತ್ತಿದ್ದ ಚಾಮ್ ರಾಜರು ಭದ್ರೇಶ್ವರ ಅಂತ ಶಿವನನ್ನು ಪೂಜಿಸುತ್ತಿದ್ದ ಜಾಗ, ಸಂಸ್ಕೃತ ಶಾಸನಗಳಿವೆ. ಪಕ್ಕದಲ್ಲೇ ಅಮೆರಿಕದ ಬಾಂಬು ಬಿದ್ದ ಗುಂಡಿಗಳು. ನನಗೆ ಲಾಟೀನಿಗಿಂತ ಇದೇ ಹಿಡಿಸಿತು.

ದುಡ್ಡಿನ ಲೆಕ್ಕ ಅಕ್ಕನದು. ಆಗ ರೂಪಾಯಿಗೆ ಸುಮಾರು 300 ಡಾಂಗ್. ಒಂದು ಲಕ್ಷ ಅಂದರೆ ಮುನ್ನೂರ ಮೂವತ್ತು ರೂಪಾಯಿ ಚಿಲ್ಲರೆ. ಹ್ಯುಯೆಯ ಮಾರ್ಕೆಟ್‌ನಲ್ಲಿ ಎಳನೀರು ಕುಡಿದು ನೀಲಿ ನೋಟೊಂದನ್ನು ಕೊಟ್ಟು ಹೊರಟೆ. ಮಾರುವಾಕೆ ಕೂಗಿ ಕರೆದಳು. ನನ್ನ ನೋಟಿನ ಪಕ್ಕ ತನ್ನದೊಂದು ನೀಲಿ ನೋಟು ಹಿಡಿದು, ಸೊನ್ನೆಗಳ ಮೇಲೆ ಬೆರಳಿಟ್ಟು ತೋರಿಸಿದಳು. ಇಪ್ಪತ್ತು ಸಾವಿರದ್ದು ಅಂತ ನಾನು ಕೊಟ್ಟದ್ದು ಐದು ಲಕ್ಷದ್ದು! ಎರಡೂ ನೀಲಿ, ಎರಡೂ ಪ್ಲಾಸ್ಟಿಕ್. ಅವತ್ತಿನಿಂದ ಐದು ಲಕ್ಷದ ನೋಟುಗಳು ಅಕ್ಕನ ಪರ್ಸಿಗೆ ವರ್ಗವಾದವು.

ಹ್ಯುಯೆಯಿಂದ ಹೊಯಿ ಆನ್ ಹತ್ತಿರದ ದ ನಾಂಗ್‌ಗೆ ಬಸ್ಸು ಬೇಡ, ಹಗಲು ರೈಲು ಹಿಡಿಯಿರಿ, ಎಡಗಡೆ ಕಿಟಕಿ ಕೇಳಿ. ಹಾಯ್ ವಾನ್ ಘಾಟಿಯಲ್ಲಿ ಸಮುದ್ರ ಹಳಿಯ ಕೆಳಗೇ ಇರುತ್ತದೆ.

ಇನ್ನೊಂದು ಸಲ ಹೋದರೆ ಸೈಗಾನ್‌ನಿಂದ ಒಂದು ರಾತ್ರಿ ಕಿತ್ತು ಹ್ಯುಯೆಗೆ ಹಾಕುತ್ತೇನೆ. ಅಕ್ಕ ಮಾತ್ರ ಒಪ್ಪುವುದಿಲ್ಲ. ಸೈಗಾನ್‌ನ ಮಾರಿಯಮ್ಮನ ಗುಡಿ ಹತ್ತಿರದ ಕಾಫಿ ಅಂಗಡಿಯಲ್ಲಿ, ಗ್ಲಾಸಿನ ಮೇಲೆ ಪುಟ್ಟ ಫಿಲ್ಟರ್ ಇಟ್ಟು ಹನಿ ಹನಿ ಇಳಿಸಿಕೊಡುತ್ತಿದ್ದರು. ಅಲ್ಲಿ ಕೂತರೆ ಅವಳಿಗೆ ಏಳುವ ಮನಸ್ಸೇ ಇರಲಿಲ್ಲ.