ದೇವಿಮನೆ ಘಟ್ಟದಲ್ಲೇ ಬಂದ್ ಬೀಳುತ್ತಿದ್ದ ನನ್ನ ಲಾರಿ

ನನ್ನದು 1999ರ ಟಾಟಾ 1613. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಶಿರಸಿಗೆ ಉಪ್ಪಿನ ಲೋಡು, ಆಮೇಲೆ ಸಿಕ್ಕಿದ ಬಾಡಿಗೆ. ಗಾಡಿ ಹಳೆಯದು ಹೌದು, ಆದರೆ ದಾರಿಯಲ್ಲಿ ಕೈಕೊಟ್ಟಿದ್ದು ಕಡಿಮೆ. ಅಂಥದ್ದು ಕಳೆದ ಮಾರ್ಚ್‌ನ ಒಂದು ಮಧ್ಯಾಹ್ನ, ಕುಮಟಾ-ಶಿರಸಿ ರಸ್ತೆಯಲ್ಲಿ ಕತಗಾಲ ದಾಟಿ ದೇವಿಮನೆ ಘಟ್ಟ ಅರ್ಧ ಹತ್ತಿದ ಮೇಲೆ, ಸೆಕೆಂಡ್ ಗೇರಿನಲ್ಲಿ ಎಳೆಯುತ್ತಿದ್ದಾಗ ಪಿಕಪ್ ಇಳಿಯಿತು, ಎಕ್ಸಲರೇಟರ್ ಪೂರ್ತಿ ಒತ್ತಿದರೂ ಸದ್ದು ಏರಲಿಲ್ಲ, ಎರಡು ಸಲ ಕೆಮ್ಮಿತು, ಬಂದ್. ಕ್ಲೀನರ್ ಹುಡುಗ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳ ಸಾಲು, ಎಲ್ಲರ ಹಾರ್ನೂ ನಮಗೇ. ಹದಿನೈದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಶಿರಸಿವರೆಗೂ ತಕರಾರಿಲ್ಲ.

ಗ್ಯಾರೇಜಿಗೆ ಒಯ್ದರೆ ಗಾಡಿ ಚೆನ್ನಾಗೇ ಇರುತ್ತದೆ, ಇಂಥ ತೊಂದರೆಯ ತಲೆನೋವೇ ಅದು. ಮೇಸ್ತ್ರಿ ಒಂದು ರೌಂಡು ಹೊಡೆದು ಬಂದು "ಏನಿಲ್ಲ ಅಣ್ಣಾ, ಫಿಲ್ಟರ್ ಇರಬೇಕು" ಅಂದ. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿದೆವು. ಮುಂದಿನ ವಾರ ಮತ್ತೆ ಅದೇ ಘಟ್ಟ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಹೊಸ ಕಿಟ್ ಹಾಕಿಸಿದೆ. ಮತ್ತೆ ನಿಂತಿತು. ಆಗ ಎಲ್ಲರದ್ದೂ ಒಂದೇ ರಾಗ: "ಪಂಪ್ ಇಳಿಸಿ ಹುಬ್ಬಳ್ಳಿಗೆ ಕಳಿಸು ಮಾರಾಯಾ." ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಆ ಮೇನ್ ಪಂಪ್ ಇಳಿಸುವುದೆಂದರೆ ಖರ್ಚು ಒಂದು ಕಡೆ, ಸೀಸನ್ನಿನಲ್ಲಿ ನಾಲ್ಕೈದು ದಿನ ಗಾಡಿ ನಿಲ್ಲುವುದು ಇನ್ನೊಂದು ಕಡೆ. ನನಗೆ ಮನಸ್ಸು ಒಪ್ಪಲಿಲ್ಲ. ಪಂಪ್ ಸವೆದಿದ್ದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸಬೇಕಲ್ವಾ? ನನ್ನದು ಬಿಸಿ ಇದ್ದಾಗಲೂ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು.

ಅವತ್ತಿನಿಂದ ಬಿಡಿಭಾಗ ಬದಲಿಸುವುದು ಬಿಟ್ಟು, ನಿಂತಾಗಲೆಲ್ಲ ಬಿಲ್ ಬುಕ್ಕಿನ ಹಿಂದೆ ಬರೆದಿಡಲು ಶುರು ಮಾಡಿದೆ. ಎಲ್ಲಿ ನಿಂತಿತು, ಲೋಡು ಎಷ್ಟು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು. ಮೂರು ಲೋಡಿಗೆ ಸುಮಾರು ಒಂದು ಸಲ ನಿಲ್ಲುತ್ತಿತ್ತು. ಎಲ್ಲವೂ ಏರಿನಲ್ಲಿ, ಲೋಡು ಇದ್ದಾಗ, ಮತ್ತು ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ. ಈ ಮೂರನೆಯದು ಬರೆಯದೇ ಇದ್ದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ನನ್ನ ಗಾಡಿಯ 697 ಎಂಜಿನ್ನಿನ ಹೆಸರಲ್ಲೇ ಲೆಕ್ಕ ಇದೆ, ಆರು ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ಒಮ್ಮೆ ಸ್ಟಾರ್ಟ್ ಆದ ಮೇಲೆ ಓಡಲು ಕರೆಂಟೇ ಬೇಡ, ನನ್ನ ಗಾಡಿಯಲ್ಲಿ ಬಂದ್ ಮಾಡುವುದೂ ಕೇಬಲ್ ಎಳೆದೇ. ಹಾಗಾಗಿ ವೈರಿಂಗ್ ತಂಟೆಗೆ ಹೋಗಲಿಲ್ಲ. ಸ್ಟಾಪ್ ಕೇಬಲ್ ತಾನೇ ಜಗ್ಗುತ್ತಿದೆಯೇನೋ ಅಂತ ಪಂಪಿನ ಹತ್ತಿರ ಕಳಚಿ ಓಡಿಸಿದೆ. ಬಂದ್ ಮಾಡಬೇಕಾದಾಗ ಹುಡುಗ ಇಳಿದು ಕೈಯಲ್ಲೇ ಲಿವರ್ ಒತ್ತಬೇಕಿತ್ತು. ಎರಡನೇ ಲೋಡಿಗೇ ನಿಂತಿತು. ಕೇಬಲ್ ಅಲ್ಲ. ಆ ಸಲ ಹುಡುಗನಿಗೆ ಸೈಲೆನ್ಸರ್ ನೋಡುತ್ತಿರು ಅಂತ ಹೇಳಿದ್ದೆ. ಕಾಲು ಪೂರ್ತಿ ಒತ್ತಿದ್ದಾಗಲೂ ಹೊಗೆಯೇ ಇಲ್ಲ ಅಂದ. ಗಾಳಿ ಸಾಲದಿದ್ದರೆ ಕರಿ ಹೊಗೆ ಬರುತ್ತದೆ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರುತ್ತಿಲ್ಲ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಹೋಗುವುದು ಎಳೆತದಿಂದ. ಅಲ್ಲಿ ಸಣ್ಣ ಸಂದು ಇದ್ದರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಗಾಳಿ ಹೋಗುತ್ತದೆ. ಫೀಡ್ ಪಂಪ್ ದಾಟಿದ ಮೇಲೆ ಒತ್ತಡ, ಅಲ್ಲಿ ಸೋರಿದರೆ ಒದ್ದೆ ಕಾಣುತ್ತದೆ. ನನ್ನ ಎಂಜಿನ್ ಸುತ್ತ ಎಲ್ಲೂ ಒದ್ದೆ ಇರಲಿಲ್ಲ. ಗೌಂಡಿಗಳು ಮಟ್ಟ ನೋಡುತ್ತಾರಲ್ಲ, ಆ ಬಿಳಿ ಪಾರದರ್ಶಕ ಪೈಪು, ಅದರ ಒಂದು ಮೊಳ ತುಂಡನ್ನು ಡೀಸೆಲ್ ಫೀಡ್ ಪಂಪಿಗೆ ಒಳಹೋಗುವ ಕಡೆ ಕ್ಲಿಪ್ ಹಾಕಿ ಸೇರಿಸಿದೆ. ಎಂಜಿನ್ ಓಡುತ್ತಿದ್ದ ಹಾಗೆ ಪೈಪಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೆ ಒಂದು ಓಡುವುದು ಕಂಡಿತು. ನಂಗೆ ಎಷ್ಟು ಖುಷಿ ಆಯಿತು ಅಂದರೆ ಹುಡುಗನಿಗೆ ಅಲ್ಲೇ ಚಾ, ಬನ್ಸ್ ಕೊಡಿಸಿದೆ. ಟ್ಯಾಂಕಿನ ಹತ್ತಿರ ಪೈಪು ಜೋಡಿಸುವ ಬಾಂಜೋ ಬೋಲ್ಟಿನ ತಾಮ್ರದ ವಾಷರ್ ಹಳೆಯದನ್ನೇ ಯಾರೋ ಮತ್ತೆ ಹಾಕಿದ್ದರು. ಎರಡೂ ವಾಷರ್ ಬದಲಿಸಿ ಏರ್ ತೆಗೆದ ಮೇಲೆ ಗುಳ್ಳೆ ಪೂರ್ತಿ ನಿಂತಿತು. ಆ ಪೈಪು ಪರೀಕ್ಷೆಗೆ ಮಾತ್ರ, ಹಾಗೇ ಬಿಡಬೇಡಿ. ಡೀಸೆಲ್ಲಿಗೂ ಬಿಸಿಗೂ ಅದು ಬಾಳುವುದಿಲ್ಲ.

ಎರಡು ವಾರ ಚೆನ್ನಾಗಿ ಓಡಿತು. ನಾನು ಗೆದ್ದೆ ಅಂತ ಊರೆಲ್ಲ ಹೇಳಿಕೊಂಡೂ ಬಂದೆ. ಆಮೇಲೆ ಏಪ್ರಿಲ್‌ನಲ್ಲಿ ಅದೇ ಘಟ್ಟ, ಸರಿಸುಮಾರು ಅದೇ ತಿರುವು.

ಈ ಸಲ ಸಿಟ್ಟು ಮಾಡಿಕೊಳ್ಳದೆ, ಬೇರೆ ಏನನ್ನೂ ಮುಟ್ಟದೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದೆ. ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೆ ತೆಗೆಯುವಾಗ ಉಸ್ ಅನ್ನುತ್ತದೆ. ಅನ್ನಲಿಲ್ಲ. ಕೂಡಲೇ ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪಂಪ್ ಗುಂಡಿ ತಿರುಗಿಸಿ ಮೇಲೆ ಎಳೆದೆ. ಗಾಳಿ ಹಿಡಿದಿದ್ದರೆ ಆ ಗುಂಡಿ ಪುಸಕ್ ಪುಸಕ್ ಅಂತ ಸಡಿಲವಾಗಿ ಆಡುತ್ತದೆ. ಇದು ಹಾಗಲ್ಲ, ಬಿಗಿಯಾಗಿತ್ತು. ಎಳೆದು ಕೈ ಬಿಟ್ಟರೆ ತಾನೇ ಒಳಗೆ ಜಗ್ಗಿಕೊಳ್ಳುತ್ತಿತ್ತು. ಸಿರಿಂಜಿನ ಬಾಯಿಗೆ ಬೆರಳು ಒತ್ತಿ ಹಿಂದಕ್ಕೆ ಎಳೆದ ಹಾಗೆ. ಹತ್ತು ನಿಮಿಷ ಬಿಟ್ಟು ಮತ್ತೆ ಎಳೆದೆ, ಹಗುರ! ಅಂದರೆ ಹಿಂದೆ ಎಲ್ಲೋ ಒಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು, ಎಂಜಿನ್ ನಿಂತು ಎಳೆತ ಹೋದ ಮೇಲೆ ತೆರೆದುಕೊಳ್ಳುತ್ತಿತ್ತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬಹುದಿತ್ತು. ಆದರೆ ಗಾಡಿ ನಿಂತ ಕೂಡಲೇ ನಾನು ಬೀಡಿ ಹಚ್ಚಿ, ಹಾರ್ನ್ ಹೊಡೆಯುವವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ, ಅಷ್ಟರಲ್ಲಿ ಸಾಕ್ಷಿ ಅಳಿಸಿ ಹೋಗುತ್ತಿತ್ತು.

ಬಾಯಿ ಟ್ಯಾಂಕಿನೊಳಗೋ, ಪೈಪಿನೊಳಗೋ? ಮೊದಲು ಟ್ಯಾಂಕನ್ನೇ ಲೆಕ್ಕದಿಂದ ಬಿಟ್ಟು ನೋಡೋಣ ಅಂತ 20 ಲೀಟರ್ ಡೀಸೆಲ್ ಕ್ಯಾನನ್ನು ಟ್ಯಾಂಕಿನ ಪಕ್ಕ ಚಾಸಿಗೆ ಹಗ್ಗದಿಂದ ಬಿಗಿದು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪೈಪನ್ನು ಅದರೊಳಗೆ ಇಳಿಸಿದೆ. ಹೆಚ್ಚಾದ ಡೀಸೆಲ್ಲನ್ನು ವಾಪಸ್ ತರುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ನಡುದಾರಿಯಲ್ಲಿ ನಿಜವಾಗಿಯೂ ಖಾಲಿಯಾಗುತ್ತದೆ. ಕತಗಾಲದಲ್ಲಿ ಕ್ಯಾನಿಗೆ ಬದಲಿಸುವುದು, ದೇವಿಮನೆ ದಾಟಿದ ಮೇಲೆ ಟ್ಯಾಂಕಿಗೆ. ಒಂದು ಲೋಡು ನಿಲ್ಲದೆ ಹತ್ತಿತು ಅಂದರೆ ಏನೂ ಸಾಬೀತಾದ ಹಾಗಲ್ಲ, ಮೂರಕ್ಕೆ ಒಮ್ಮೆ ನಿಲ್ಲುವ ಗಾಡಿ ಇದು. ಏಳು ಲೋಡು ಹಾಗೇ ಹೊಡೆದೆ. ಒಂದು ಸಲವೂ ನಿಲ್ಲಲಿಲ್ಲ. ಪೈಪು ಅದೇ, ಪಂಪ್ ಅದೇ. ಉಳಿದಿದ್ದು ಟ್ಯಾಂಕ್.

ಭಾನುವಾರ ಕುಮಟಾದಲ್ಲಿ ಟ್ಯಾಂಕ್ ಇಳಿಸಿದೆವು. ಒಳಗಿನ ಪೈಪಿನ ತುದಿಯಲ್ಲಿ ಇರಬೇಕಾದ ಜಾಲರಿ ಇರಲೇ ಇಲ್ಲ, ಯಾವ ಕಾಲದಲ್ಲೋ ಕಿತ್ತು ಹೋಗಿರಬೇಕು. ಡೀಸೆಲ್ ಬಸಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಅಡಿಯಲ್ಲಿ ತುಕ್ಕಿನ ಗಸಿ, ಅದರ ಮೇಲೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಕೊಟ್ಟೆಯ (ಚೀಲದ) ತುಂಡು, ನಾಲ್ಕು ಬೆರಳಿನಷ್ಟು ಅಗಲ. ಹುಡುಗ ತಂತಿಯಿಂದ ಎತ್ತಿ ಅಂಗೈ ಮೇಲೆ ಹರಡಿದ. ನಡುವೆ ಅಂಗಿ ಗುಂಡಿಯಷ್ಟು ದುಂಡನೆ ಅಚ್ಚು, ಪೈಪಿನ ಬಾಯಿಯದ್ದೇ. ಟ್ಯಾಂಕ್ ತುಂಬಿದ್ದಾಗ ಅದು ಎಲ್ಲೋ ಅಲೆದಾಡಿಕೊಂಡು ಇರುತ್ತಿತ್ತು, ಡೀಸೆಲ್ ಇಳಿದು ಘಟ್ಟದಲ್ಲಿ ಎಳೆತ ಜಾಸ್ತಿ ಆದಾಗ ಬಂದು ಅಂಟಿಕೊಳ್ಳುತ್ತಿತ್ತು.

ಹುಡುಗ ನನ್ನ ಮುಖ ನೋಡಿದ. ಅದರ ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಕಳೆದುಹೋಗಿ ಎರಡು ದಿನ ಬಾಯಿಗೆ ಕೊಟ್ಟೆ ಸುತ್ತಿ ರಬ್ಬರ್ ಹಾಕಿ ಓಡಿಸಿದ್ದೆವು. ಸುತ್ತಿದ್ದು ನಾನೇ.

ಟ್ಯಾಂಕನ್ನು ಡೀಸೆಲ್ಲಿನಲ್ಲೇ ನಾಲ್ಕು ಸಲ ಕುಲುಕಿ ತೊಳೆದು, ಪೈಪಿಗೆ ಹೊಸ ಜಾಲರಿ ಹಾಕಿಸಿದೆ. ತುಕ್ಕು ಕದಡಿರುತ್ತದೆ ಅಂತ ಫಿಲ್ಟರ್‌ಗಳನ್ನು ಹದಿನೈದು ದಿನದಲ್ಲೇ ಇನ್ನೊಮ್ಮೆ ಬದಲಿಸಿದೆ. ಮುಚ್ಚಳಕ್ಕೆ ಈಗ ಸರಪಳಿ ಇದೆ. ಮೇನ್ ಪಂಪ್ ಇವತ್ತಿಗೂ ಇಳಿಸಿಲ್ಲ.