ರೊಟ್ಟಿ ಹಂಚಿಗೆ ಎಣ್ಣೆ ಮುಟ್ಟಿಸಬೇಡಿ

ಕಲಬುರಗಿ ಸೀಮೆಯ ಅಡಿಗೆಮನೆಯಲ್ಲಿ ಪಾತ್ರೆ ಕೆಡಿಸುವವು ಮೂರು: ರೊಟ್ಟಿಯ ಉರಿ, ಪುಂಡಿಪಲ್ಲೆಯ (ಗೋಂಗುರ ಸೊಪ್ಪಿನ) ಹುಳಿ, ಬೋರಿನ ಗಡಸು ನೀರು. ಯಾವ ಪಾತ್ರೆ ಇವುಗಳಲ್ಲಿ ಯಾವುದನ್ನು ತಾಳುತ್ತದೆ, ಯಾವುದಕ್ಕೆ ಸೋಲುತ್ತದೆ ಎಂದು ತಿಳಿದುಕೊಂಡರೆ ಒಮ್ಮೆ ತಂದ ಸಾಮಾನು ಮೊಮ್ಮಕ್ಕಳ ಕೈಗೂ ಸಿಗುತ್ತದೆ. ತಿಳಿಯದಿದ್ದರೆ ದುಬಾರಿ ಪಾತ್ರೆಯೂ ವರ್ಷದೊಳಗೆ ಮೋಡಕಾ (ಗುಜರಿ) ಸಾಮಾನಿನವನ ಪಾಲು.

ಮೊದಲು ಹಂಚಿನ ಮಾತು. ರೊಟ್ಟಿಗೂ ದೋಸೆಗೂ ಒಂದೇ ಹಂಚು ಸಾಲದೇ ಎಂದು ಹೊಸದಾಗಿ ಸಂಸಾರ ಹೂಡಿದವರು ಕೇಳುತ್ತಾರೆ. ಸಾಲದು. ದೋಸೆ ಹಂಚಿನ ಮೇಲೆ ಕಾಣುವ ಕಪ್ಪು ನುಣುಪು ಅಂದರೆ ಕಬ್ಬಿಣದ ಮೇಲೆ ಸುಟ್ಟು ಗಟ್ಟಿಯಾದ ಎಣ್ಣೆಯ ಪದರ. ಜೋಳದ ರೊಟ್ಟಿ ಸುಡುವುದು ಒಣ ಹಂಚಿನ ಮೇಲೆ, ದೊಡ್ಡ ಉರಿಯಲ್ಲಿ, ಅದೂ ಮುಕ್ಕಾಲು ತಾಸು ಬಿಡದೆ. ಆ ಕಾವಿಗೆ ಎಣ್ಣೆಯ ಪದರ ಸುಟ್ಟು ಹೊಪ್ಪಳೆ ಏಳುತ್ತದೆ, ರೊಟ್ಟಿಗೆ ಕರಿ ಚೂರು ಅಂಟುತ್ತದೆ, ಮರುದಿನ ದೋಸೆ ಏಳುವುದಿಲ್ಲ. ಇತ್ತ ರೊಟ್ಟಿ ಹಂಚಿಗೆ ಎಣ್ಣೆ ಮುಟ್ಟಿಸಿದರೆ ಮನೆತುಂಬ ಹೊಗೆ, ಎಣ್ಣೆ ಇದ್ದ ಕಡೆಯೆಲ್ಲ ರೊಟ್ಟಿಗೆ ಕಪ್ಪು ಕಲೆ. ಹೊಸ ಹಂಚು ತಂದರೆ ಸೋಪು ಹಚ್ಚಿ ತಿಕ್ಕಿ ಕಾರ್ಖಾನೆಯ ಎಣ್ಣೆ ತೆಗೆಯಿರಿ, ಒಲೆಯ ಮೇಲೆ ಪೂರ್ತಿ ಒಣಗಿಸಿ, ಮೊದಲ ಎರಡು ರೊಟ್ಟಿ ಬದಿಗಿಡಿ. ಅಲ್ಲಿಗೆ ಅದರ ಆರೈಕೆ ಮುಗಿಯಿತು.

ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಹತ್ತು, ಹತ್ತೂವರೆ ಇಂಚು ಅಗಲದ ಕಬ್ಬಿಣದ ಹಂಚು 3ರಿಂದ 4 ಮಿಲಿಮೀಟರ್ ದಪ್ಪ ಇರಬೇಕು. ತೂಕ ಒಂದೂವರೆ ಕಿಲೋ ಆಸುಪಾಸು ಬರುತ್ತದೆ. ಹಗುರ ಎಂದು 2 ಮಿಲಿಮೀಟರಿನದು ತಂದರೆ ನಾಲ್ಕು ತಿಂಗಳಿಗೆ ಡೊಂಕಾಗುತ್ತದೆ, ಡೊಂಕಾದ ಹಂಚಿನ ಮೇಲೆ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಲು. ಅಂಗಡಿಯಲ್ಲೇ ಮಟ್ಟಸ ಜಾಗದಲ್ಲಿಟ್ಟು ಒಂದು ಚಮಚ ನೀರು ಹಾಕಿಸಿ. ನೀರು ನಟ್ಟನಡುವೆ ಬಂದು ನಿಂತರೆ ಸರಿ, ಅಂಚಿಗೆ ಓಡಿದರೆ ಬೇಡ.

ಹಂಚನ್ನು ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ಆಮೇಲೆ ಉರಿ ಏರಿಸಿ. ಬೆರಳಿನಿಂದ ನೀರು ಚಿಮುಕಿಸಿ ನೋಡಿ: ಹನಿ ಇದ್ದಲ್ಲೇ ಕೂತು ಚುಸ್ ಅಂದರೆ ಇನ್ನೂ ಕಾದಿಲ್ಲ, ಮುತ್ತಿನ ಹಾಗೆ ಒಡೆದು ಕುಣಿಯುತ್ತ ಓಡಿದರೆ ಕಾದಿದೆ. ಚಿಟಿಕೆ ಜೋಳದ ಹಿಟ್ಟು ಉದುರಿಸಿದರೆ ಹತ್ತು ಎಣಿಸುವಷ್ಟರಲ್ಲಿ ಕಂದಾಗಬೇಕು, ಬಿದ್ದ ಕೂಡಲೇ ಕರ್ರಗಾದರೆ ಉರಿ ಇಳಿಸಿ. ರೊಟ್ಟಿ ಹಾಕಿ ಮೇಲೆ ನೀರಿನ ಬಟ್ಟೆ ಎಳೆದ ಮೇಲೆ, ಆ ನೀರಿನ ಹೊಳಪು ಆರುವ ಹೊತ್ತಿಗೆ ಮಗುಚಬೇಕು. ಪೂರ್ತಿ ಒಣಗುವವರೆಗೆ ಬಿಟ್ಟರೆ ರೊಟ್ಟಿ ಬಿರುಕು ಬಿಟ್ಟು ಹಬೆ ಹೊರಗೆ ಹೋಗುತ್ತದೆ, ಉಬ್ಬುವುದಿಲ್ಲ. ನಾಲ್ಕೈದು ರೊಟ್ಟಿಗೊಮ್ಮೆ ಒಣ ಬಟ್ಟೆಯಿಂದ ಹಂಚಿನ ಮೇಲಿನ ಸುಟ್ಟ ಹಿಟ್ಟು ಝಾಡಿಸಿ, ಇಲ್ಲದಿದ್ದರೆ ಮುಂದಿನ ರೊಟ್ಟಿ ಕಹಿ. ಕಡೆಯ ರೊಟ್ಟಿ ಆದಮೇಲೆ ಹಂಚನ್ನು ಒಲೆಯ ಮೇಲೇ ಆರಲು ಬಿಡಿ. ಅವಸರಕ್ಕೆ ತಣ್ಣೀರು ಸುರಿಯುವ ಚಾಳಿ ಬಹಳ ಮನೆಗಳಲ್ಲಿದೆ; ಡೊಂಕಾಗಲು ಅದೇ ಮೊದಲ ಕಾರಣ. ಬೀಡಿನ (ಎರಕದ ಕಬ್ಬಿಣದ) ಹಂಚಾದರೆ ಡೊಂಕಾಗುವುದಿಲ್ಲ, ಸೀಳುತ್ತದೆ. ಮಳೆಗಾಲದಲ್ಲಿ ತುಕ್ಕು ಕಂಡರೆ ಬಿಸಿ ಮಾಡಿ ಹರಳುಪ್ಪಿನಿಂದ ತಿಕ್ಕಿ ಒರೆಸಿ, ಸಾಕು.

ದೋಸೆ ಹಂಚು, ಒಗ್ಗರಣೆ ಸೌಟು, ಬೀಡಿನ ಕಡಾಯಿ ಇವಕ್ಕೆ ಮಾತ್ರ ಎಣ್ಣೆ ಬೇಕು, ಅದರಲ್ಲೂ ನಮ್ಮ ಭಾಗದ ಕುಸುಬಿ ಎಣ್ಣೆ ಬೇಕು. ಕುಸುಬಿ, ಅಗಸಿ ಇವು ಗಾಳಿಗೂ ಕಾವಿಗೂ ಒಣಗಿ ಗಟ್ಟಿಯಾಗುವ ಎಣ್ಣೆಗಳು. ಶೇಂಗಾ ಎಣ್ಣೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಕೊಬ್ಬರಿ ಎಣ್ಣೆಯಂತೂ ಈ ಕೆಲಸಕ್ಕೆ ಬಾರದು. ಅಗಸಿ ಎಣ್ಣೆಯ ಪದರ ಗಾಜಿನಷ್ಟು ಗಟ್ಟಿ, ಆದರೆ ದಪ್ಪ ಹಚ್ಚಿದರೆ ಚಕ್ಕೆ ಏಳುತ್ತದೆ. ಕುಸುಬಿ ಆ ತೊಂದರೆ ಕಡಿಮೆ ಕೊಡುತ್ತದೆ. ಕಡಾಯಿ ತೊಳೆದು, ಒಲೆಯ ಮೇಲೆ ನೀರಿನ ಪಸೆ ಪೂರ್ತಿ ಹೋಗುವವರೆಗೆ ಕಾಯಿಸಿ, ಅರ್ಧ ಚಮಚ ಎಣ್ಣೆ ಒಳಗೂ ಹೊರಗೂ ಸವರಿ. ಆಮೇಲೆ ಬೇರೆ ಒಣ ಬಟ್ಟೆಯಿಂದ, ತಪ್ಪಿ ಹಚ್ಚಿದ್ದನ್ನು ತೆಗೆಯುವವರ ಹಾಗೆ ಪೂರ್ತಿ ಒರೆಸಿ. ಎಲ್ಲರೂ ಎಡವುವುದು ಇಲ್ಲೇ. ಎಣ್ಣೆ ಉಳಿದರೆ ಪದರ ಅಂಟಂಟಾಗಿ ಧೂಳು ಹಿಡಿಯುತ್ತದೆ. ಸಣ್ಣ ಹೊಗೆ ಏಳುವವರೆಗೆ ಕಾಯಿಸಿ, ಹಾಗೇ 15 ನಿಮಿಷ ಇಟ್ಟು, ಆರಿಸಿ. ಇಷ್ಟನ್ನು ಮೂರು ನಾಲ್ಕು ಸಲ ಮಾಡಿದರೆ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಬಳಿಕ ಮೊದಲ ಹತ್ತು ದಿನ ಆ ಕಡಾಯಿಯಲ್ಲಿ ಭಜಿ, ಹಪ್ಪಳ, ಸಂಡಿಗೆ ಇಂಥವನ್ನೇ ಕರಿಯಿರಿ. ಶೇಂಗಾ ಹುರಿಯಲು ಬೀಡಿನ ಕಡಾಯಿಗೆ ಸಾಟಿಯಿಲ್ಲ: ಸಣ್ಣ ಉರಿಯಲ್ಲಿ ಕಾವು ಹಿಡಿದಿಟ್ಟುಕೊಂಡು ಕಾಳನ್ನು ಒಳಗಿನವರೆಗೆ ಹುರಿಯುತ್ತದೆ, ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಹಸಿ ವಾಸನೆ ಬರುವುದಿಲ್ಲ.

ಆದರೆ ಇದೇ ಕಡಾಯಿಗೆ ಪುಂಡಿಪಲ್ಲೆ ಹಾಕಿದರೆ ಒಂದೇ ದಿನಕ್ಕೆ ಪದರ ಕರಗಿ ಪಲ್ಲೆಗೆ ಕಬ್ಬಿಣದ ರುಚಿ ಬರುತ್ತದೆ. ಪುಂಡಿಯ ಹುಳಿ ಹುಣಸೆಗೆ ಕಡಿಮೆಯದೇನಲ್ಲ. ಬದನೆಕಾಯಿ ಎಣ್ಣೆಗಾಯಿ ಕೂಡ ಕಬ್ಬಿಣದಲ್ಲಿ ಕರ್ರಗಾಗುತ್ತದೆ. ಪುಂಡಿಗೆ ಮಣ್ಣಿನ ಗಡಿಗೆ ಇಲ್ಲವೇ ದಪ್ಪ ತಳದ ಸ್ಟೀಲು ಇಡಿ. ಹೊಸ ಗಡಿಗೆಯನ್ನು ಒಂದು ಹಗಲು, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮರುದಿನ ಅದರಲ್ಲಿ ಗಂಜಿ ಕುದಿಸಿ ಚೆಲ್ಲಿ; ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಸೋಪು ಹಚ್ಚಬೇಡಿ, ಮಣ್ಣು ಅದನ್ನು ಕುಡಿದು ಮುಂದಿನ ಸಾರಿಗೆ ಬಿಡುತ್ತದೆ.

ಹಿಂಡಾಲಿಯಂ, ಅಲ್ಯೂಮಿನಿಯಂ ಡಬರಿಗಳ ವಿಚಾರದಲ್ಲಿ ನಾವು ಬಹಳ ಸಡಿಲ. ಎಳ್ಳ ಅಮಾವಾಸ್ಯೆಗೆ ಕಾಳು, ಸೊಪ್ಪು ಕೂಡಿಸಿ ಕುದಿಸುವ ಭಜ್ಜಿ ಮಾಡುವಾಗ ದೊಡ್ಡದು ಎಂದು ಅದನ್ನೇ ಒಲೆಗೇರಿಸುತ್ತೇವೆ, ಹುಣಸೆ ಹಾಕಿ ಕುದಿಸುತ್ತೇವೆ, ಹೊಲಕ್ಕೂ ಅದರಲ್ಲೇ ಒಯ್ಯುತ್ತೇವೆ. ಹುಳಿಗೂ ಉಪ್ಪಿಗೂ ಅಲ್ಯೂಮಿನಿಯಂ ಸವೆದು ಅಡಿಗೆಗೆ ಇಳಿಯುತ್ತದೆ, ಇಟ್ಟಷ್ಟು ಹೊತ್ತು ಇಳಿಯುತ್ತಲೇ ಇರುತ್ತದೆ. ಕಾಳು, ಸೊಪ್ಪು ಅದರಲ್ಲಿ ಬೇಯಿಸಿಕೊಳ್ಳಿ, ಅಡ್ಡಿಯಿಲ್ಲ. ಹುಣಸೆ ಬೀಳುವ ಮೊದಲು ಸ್ಟೀಲಿನ ಇಲ್ಲವೇ ಕಲಾಯಿ (ತವರದ ಲೇಪ) ಹಾಕಿಸಿದ ಪಾತೇಲಿಗೆ ಸಾಗಿಸಿ. ಇನ್ನೊಂದು: ಅಲ್ಯೂಮಿನಿಯಮ್ಮಿಗೆ ಸೋಡಾ ಹಾಕಿ ತಿಕ್ಕಬೇಡಿ. ಹುಳಿಯ ಹಾಗೆ ಕ್ಷಾರವೂ ಅದನ್ನು ತಿನ್ನುತ್ತದೆ, ಪಾತ್ರೆ ಕರ್ರಗಾಗುತ್ತದೆ. ಕುಕ್ಕರಿನ ಒಳಗೆ ಕಪ್ಪಾಗಿದ್ದರೆ ನೀರಿಗೆ ಹುಣಸೆ ಚಟ್ಟು ಹಾಕಿ 10 ನಿಮಿಷ ಕುದಿಸಿ ಚೆಲ್ಲಿ, ಬೆಳ್ಳಗಾಗುತ್ತದೆ. ಒಳಪಾತ್ರೆ ಇಟ್ಟು ಬೇಯಿಸುವಾಗ ತಳದ ನೀರಿಗೆ ಹಿಂಡಿದ ನಿಂಬೆಯ ಸಿಪ್ಪೆ ಒಂದು ಹಾಕಿದರೆ ಕಪ್ಪು ಹತ್ತುವುದೇ ಇಲ್ಲ.

ಬೇಳೆಯ ಮಾತು ಬಂತು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆದರೆ ಅದೇ ಬೇಳೆ ಕೆಲವು ಮನೆಗಳಲ್ಲಿ ಬೇಯುವುದೇ ಇಲ್ಲ ಎಂಬ ದೂರು. ತಪ್ಪು ಬೇಳೆಯದಲ್ಲ, ನೀರಿನದು. ಶಹಾಬಾದ್, ಸೇಡಂ, ಚಿತ್ತಾಪುರದ ನೆಲದಡಿ ಇರುವುದೆಲ್ಲ ಸುಣ್ಣದ ಕಲ್ಲು. ಅಂಥ ನೀರಿನ ಕ್ಯಾಲ್ಸಿಯಂ ಬೇಳೆಯ ಒಳಗಿನ ಅಂಟನ್ನು ಬಿಗಿ ಹಿಡಿದು ಮೆತ್ತಗಾಗಲು ಬಿಡುವುದಿಲ್ಲ. ಬೇಳೆಯ ಮಟ್ಟಿಗಾದರೂ ಆರ್‌ಒ ಫಿಲ್ಟರ್ ನೀರು ಬಳಸಿ. ಒಂದು ಬಟ್ಟಲು ಬೇಳೆಯನ್ನು ಅರ್ಧ ತಾಸು ನೆನೆಸಿ, ಎರಡೂವರೆಯಿಂದ ಮೂರು ಬಟ್ಟಲು ನೀರು, ಅರ್ಧ ಚಮಚ ಎಣ್ಣೆ ಹಾಕಿ. ಎಣ್ಣೆ ನೊರೆಯನ್ನು ತಗ್ಗಿಸುತ್ತದೆ. ಕುಕ್ಕರಿನಲ್ಲಿ ಬೇಳೆ, ನೀರು ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು, ನೊರೆ ಏರಿ ಸೀಟಿಯ ತೂತು ಮುಚ್ಚಿದರೆ ಅಪಾಯ. ಮುಚ್ಚಳ ಹಾಕುವ ಮುಂಚೆ ಆ ತೂತನ್ನು ಬೆಳಕಿಗೆ ಹಿಡಿದು ನೋಡುವ ರೂಢಿ ಇಟ್ಟುಕೊಳ್ಳಿ. ಹುಣಸೆ ರಸ, ಪುಂಡಿ ಯಾವುದೇ ಇರಲಿ, ಬೇಳೆ ನುಣ್ಣಗಾದ ಮೇಲೇ ಬೀಳಲಿ. ಹುಳಿ ಬಿದ್ದಮೇಲೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ಗೋಧಿ ಹುಗ್ಗಿಗೂ ಇದೇ ನಿಯಮ: ಗೋಧಿ ಪೂರ್ತಿ ಅರಳಿದ ಮೇಲೆ ಬೆಲ್ಲ.

ಸ್ಟೀಲು ಹುಳಿಗೆ ಜಗ್ಗುವುದಿಲ್ಲ, ಆದರೆ ಕಾವು ಹಂಚುವುದರಲ್ಲಿ ಬಡವ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬೇಗ ಶಾಖ ಹರಿಸುತ್ತದೆ, ತಾಮ್ರ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದಕ್ಕೇ ತೆಳು ಸ್ಟೀಲಿನಲ್ಲಿ ಉರಿ ತಾಗಿದಷ್ಟೇ ಜಾಗ ಹೊತ್ತುತ್ತದೆ. ಟ್ರೈಪ್ಲೈ ಎಂದು ಮಾರುವ, ನಡುವೆ ಅಲ್ಯೂಮಿನಿಯಂ ಇರುವ ಪಾತ್ರೆಗಳು ಈ ಕೊರತೆ ನೀಗಿಸುತ್ತವೆ. ಎರಡೂವರೆ ಮಿಲಿಮೀಟರಿಗಿಂತ ತೆಳ್ಳಗಿನದು ಬೇಡ, ಮತ್ತು ಆ ಪದರ ತಳಕ್ಕಷ್ಟೇ ಅಲ್ಲದೆ ಅಂಚಿನವರೆಗೂ ಇರಲಿ. ಆಯಸ್ಕಾಂತ ಹಿಡಿಯದಿದ್ದರೆ ಒಳ್ಳೆ ಸ್ಟೀಲು ಎಂದು ಹೇಳುವವರ ಮಾತು ಪೂರ್ತಿ ನಂಬಬೇಡಿ: ಕಡಿಮೆ ದರ್ಜೆಯ 202ಕ್ಕೂ ಆಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ, 304ಕ್ಕೂ ಇಲ್ಲ. ತಳದಲ್ಲಿ 304 ಇಲ್ಲವೇ 18/8 ಗುರುತು ನೋಡಿ. 18 ಕ್ರೋಮಿಯಂ, 8 ನಿಕಲ್ ಎಂದರ್ಥ.

ಸ್ಟೀಲಿನಲ್ಲಿ ಪಲ್ಲೆ ಅಂಟದಿರಬೇಕಾದರೆ ಖಾಲಿ ಪಾತ್ರೆಯನ್ನು ಮಧ್ಯಮ ಉರಿಯಲ್ಲಿ ಎರಡು ನಿಮಿಷ ಕಾಯಿಸಿ, ನೀರಿನ ಹನಿ ಗುಂಡಗೆ ಉರುಳಾಡಿದ ಮೇಲೆ ಒರೆಸಿ ಎಣ್ಣೆ ಹಾಕಿ, ಉರಿ ಇಳಿಸಿ. ತಣ್ಣೀರಿಗೆ ಉಪ್ಪು ಹಾಕಿ ಬಿಡಬೇಡಿ. ಹರಳು ತಳದಲ್ಲಿ ಕೂತ ಕಡೆ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ, ಅದು ತಿಕ್ಕಿದರೆ ಹೋಗುವಂಥದ್ದಲ್ಲ. ನೀರು ಕುದಿ ಬಂದಮೇಲೆ ಹಾಕಿ ಕದಡಿ. ಹಾಲು ಕಾಯಿಸುವ ಮುಂಚೆ ಪಾತ್ರೆಯನ್ನು ನೀರಿನಿಂದ ತೊಯಿಸಿಕೊಂಡರೆ ತಳ ಹಿಡಿಯುವುದು ಕಡಿಮೆ. ಹಿಡಿದೇ ಹೋಯಿತು ಅನ್ನಿ, ಚಮಚದಿಂದ ಕೆರೆಯಬೇಡಿ; ಎರಡು ಚಮಚ ಅಡಿಗೆ ಸೋಡಾ ಹಾಕಿ ಮುಳುಗುವಷ್ಟು ನೀರು ಕುದಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತಾನೇ ಬಿಡುತ್ತದೆ. ಬಿಳಿ ಸುಣ್ಣದ ಕಲೆಗೆ ನಿಂಬೆರಸ.

ನಾನ್‌ಸ್ಟಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 260 ಡಿಗ್ರಿ ದಾಟಿದರೆ ಅದರ ಲೇಪ ಕೆಡಲು ಶುರು, ಖಾಲಿ ಇಟ್ಟ ತವಾ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತದೆ. ಆಮ್ಲೆಟ್ಟಿಗೆ ಸರಿ, ರೊಟ್ಟಿಗೆ ಖಂಡಿತ ಬೇಡ.

ಹಿತ್ತಾಳೆ, ತಾಮ್ರದ ಹಳೆಯ ಕೊಪ್ಪರಿಗೆ, ಪಾತೇಲಿ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಹುಗ್ಗಿಗೆ ಅಂಥ ಪಾತ್ರೆ ಬೇರೆ ಇಲ್ಲ. ಆದರೆ ಒಳಗೆ ಕಲಾಯಿ ಇಲ್ಲದೆ ಅಡಿಗೆ ಮಾಡಬಾರದು, ಹುಳಿ ತಾಗಿದರೆ ಹಸಿರು ಕಿಲುಬು ಏಳುತ್ತದೆ, ಅದು ಹೊಟ್ಟೆಗೆ ವಿಷ. ಕಲಾಯಿ ಹಾಕುವವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ ಹತ್ತಿಯಿಂದ ಎಳೆಯುತ್ತಾರೆ. ಎದುರಿಗೆ ನಿಂತು ಮಾಡಿಸಿ. ತವರದಲ್ಲಿ ಸೀಸ ಬೆರೆತಿರಬಾರದು: ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಎಳೆಯಿರಿ, ಪೆನ್ಸಿಲ್ಲಿನ ಹಾಗೆ ಕಪ್ಪು ಗೆರೆ ಬಿದ್ದರೆ ಬೇಡ ಎನ್ನಿ. ತವರ ಕರಗುವುದು 232 ಡಿಗ್ರಿಗೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಖಾಲಿ ಒಲೆಗೇರಿಸಬಾರದು, ಅದರಲ್ಲಿ ಎಣ್ಣೆ ಕಾಯಿಸಬಾರದು. ಒಗ್ಗರಣೆಯನ್ನು ಕಬ್ಬಿಣದ ಸೌಟಿನಲ್ಲಿ ಮಾಡಿ ಮೇಲೆ ಸುರಿಯಿರಿ. ಒಳಗೆ ತಿಕ್ಕಲು ಜರಡಿ ಹಿಡಿದ ಬೂದಿ, ಮೆತ್ತನೆ ನಾರು ಸಾಕು, ತಂತಿ ಬ್ರಷ್ ಮುಟ್ಟಿಸಬೇಡಿ. ಒಳಮೈಯಲ್ಲಿ ರೂಪಾಯಿ ಅಗಲ ಕೆಂಪು ಇಲ್ಲವೇ ಹಳದಿ ಕಂಡರೆ ಮತ್ತೆ ಕಲಾಯಿ ಹಾಕಿಸುವ ಹೊತ್ತಾಯಿತು.

ಹೊರಮೈಗೆ ಹುಣಸೆ, ಉಪ್ಪು ಹಚ್ಚಿ ತಿಕ್ಕಿ, ತಕ್ಷಣ ತೊಳೆದು ಒಣಬಟ್ಟೆಯಿಂದ ಒರೆಸಿ. ಹುಣಸೆ ಒಣಗಲು ಬಿಟ್ಟರೆ ಕಲೆ ಉಳಿಯುತ್ತದೆ. ಈ ತಿಕ್ಕುವ ಕೆಲಸವನ್ನು ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಮಾತ್ರ ಮಾಡಬೇಡಿ. ಅದು ಸುಣ್ಣದ ಕಲ್ಲು, ಹುಣಸೆ ನಿಂಬೆಗೆ ಕರಗಿ ಹೊಳಪು ಹೋಗಿ ಬೆಳ್ಳನೆ ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಹೋಗಬೇಕಾದರೆ ಮತ್ತೆ ಪಾಲಿಶ್ ಆಗಬೇಕು. ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು ತಿಕ್ಕಿ. ಮನೆಯಲ್ಲಿ ಬೀದರಿನ ಬಿದ್ರಿ ಹೂದಾನಿ, ತಟ್ಟೆ ಇದ್ದರೆ ಅದನ್ನು ಈ ಬುಟ್ಟಿಯ ಹತ್ತಿರಕ್ಕೂ ತರಬೇಡಿ. ಬಿದ್ರಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬಂದ ಅದರ ಕಪ್ಪು ಹುಣಸೆ ಹಚ್ಚಿದರೆ ಎದ್ದುಹೋಗುತ್ತದೆ. ಅದರಲ್ಲಿ ತಿನಿಸು ಇಟ್ಟು ಕೊಡುವುದೂ ಬೇಡ. ಒಣ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ ಮತ್ತೆ ಎದ್ದು ಕಾಣುತ್ತದೆ.