ಕೆಪಾಸಿಟರ್ ಖಾಲಿಯಾಗಲು ಎಷ್ಟು ಹೊತ್ತು? ನನ್ನ ಅರ್ಧದ ಲೆಕ್ಕ

"ಅಣ್ಣಾ, ಪ್ಲಗ್ ಕಿತ್ತು ಐದು ನಿಮಿಷ ಆಯ್ತು. ಮುಟ್ಟಬಹುದಾ?" ಅಂಗಡಿಯ ಹುಡುಗ ಕೇಳಿದ. ನಾನು ತಲೆ ಎತ್ತದೆ "ಹ್ಞೂಂ" ಅಂದೆ. ಪುಣ್ಯಕ್ಕೆ ಅವನು ಮುಟ್ಟುವ ಮೊದಲು ಮೀಟರ್ ಇಟ್ಟ. 290 ವೋಲ್ಟ್! ನನ್ನ ಕೈಕಾಲು ತಣ್ಣಗಾಯಿತು. ಅಂದಾಜಿನಲ್ಲಿ ಉತ್ತರ ಕೊಡುವುದನ್ನು ಆವತ್ತೇ ಬಿಟ್ಟೆ.

ಅದು ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಿಷಿನ್ನಿನ 24 ವೋಲ್ಟ್ ಎಸ್‌ಎಂಪಿಎಸ್, ಅಂದರೆ ಮೇನ್ಸ್ ಕರೆಂಟನ್ನು 24 ವೋಲ್ಟ್ ಡಿಸಿ ಮಾಡಿ ಕೊಡುವ ಪವರ್ ಸಪ್ಲೈ ಬೋರ್ಡು. ಮೇನ್ಸ್ ಕಡೆ ಚಾರ್ಜ್ ಹಿಡಿದಿಡುವ ಒಂದು ದಪ್ಪ ಕೆಪಾಸಿಟರ್, 470 ಮೈಕ್ರೋಫ್ಯಾರಡ್, 400 ವೋಲ್ಟಿನದ್ದು. 230 ವೋಲ್ಟ್ ಎಸಿ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು) ದಾಟಿ ಬಂದರೆ ಅದರಲ್ಲಿ 320ರ ಸುತ್ತ ಡಿಸಿ ನಿಲ್ಲುತ್ತದೆ. ಪಕ್ಕದಲ್ಲೇ 220 ಕಿಲೋ ಓಮ್ ಬ್ಲೀಡರ್ ರೆಸಿಸ್ಟರ್. ಕರೆಂಟ್ ತೆಗೆದ ಮೇಲೆ ಚಾರ್ಜನ್ನು ಮೆಲ್ಲಗೆ ಇಳಿಸುವುದು ಅದರ ಕೆಲಸ.

ಓಮ್ ಮತ್ತು ಫ್ಯಾರಡ್ ಗುಣಿಸಿದರೆ ಸೆಕೆಂಡ್ ಸಿಗುತ್ತದೆ. 2,20,000 × 0.00047, ಅಂದರೆ ಸುಮಾರು 103 ಸೆಕೆಂಡ್. ಇದು ಟೈಮ್ ಕಾನ್‌ಸ್ಟಂಟ್. ಇಷ್ಟು ಹೊತ್ತಿಗೆ ವೋಲ್ಟೇಜ್ ಶೇ 37ಕ್ಕೆ ಇಳಿಯುತ್ತದೆ, ಇದರ ಐದು ಪಟ್ಟು ಕಾದರೆ ಖಾಲಿ. ಓದುವಾಗ ಕಲಿತದ್ದು ಇದೇ. ಆದರೆ ಕೆಲಸದ ನಡುವೆ ಆ 37 ನನಗೆ ಒಗ್ಗಲಿಲ್ಲ. ಅರ್ಧದ ಲೆಕ್ಕ ಹಿಡಿದೆ. ಅರ್ಧ ಆಗಲು ಟೈಮ್ ಕಾನ್‌ಸ್ಟಂಟಿನ ಸುಮಾರು 0.7 ಪಟ್ಟು ಹೊತ್ತು ಬೇಕು. 103ನ್ನು 0.7ರಿಂದ ಗುಣಿಸಿದರೆ 72. ಪ್ರತಿ 72 ಸೆಕೆಂಡಿಗೂ ವೋಲ್ಟೇಜ್ ಅರ್ಧ ಆಗುತ್ತದೆ. 320, 160, 80, 40. ಮೂರು ಸಲ ಅರ್ಧ ಆದರೆ ಮೂರೂವರೆ ನಿಮಿಷ ದಾಟಿತು. ಲಾಗ್ ಬೇಕಿಲ್ಲ, ಬಾಯಲ್ಲೇ ಹೇಳಬಹುದು.

ಲೆಕ್ಕ ನಿಜವಾ ಅಂತ ನೋಡಬೇಕಿತ್ತು. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್, ಸಪ್ಲೈ ನಡೆಸುವ ಐಸಿ ಮತ್ತು ಅದರ ಸ್ವಿಚ್ ಆದ ಮಾಸ್ಫೆಟ್ ಬಿಚ್ಚಿಟ್ಟದ್ದು, ಅಂಗಡಿಯಲ್ಲಿತ್ತು. ಕರೆಂಟ್ ಮಿತಿಯಲ್ಲಿಡುವ ಸೀರೀಸ್ ಬಲ್ಬ್ ಮೂಲಕ ಸಪ್ಲೈ ಕೊಟ್ಟೆ. ಮೀಟರನ್ನು ಮೊದಲೇ ಕ್ಲಿಪ್ ಹಾಕಿ ಕೂರಿಸಿದ್ದೆ. ಪ್ಲಗ್ ಕಿತ್ತು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. 320ರಿಂದ 160ಕ್ಕೆ 61 ಸೆಕೆಂಡ್. 160ರಿಂದ 80ಕ್ಕೆ ಮತ್ತೆ 61. ಅರ್ಧದ ಲೆಕ್ಕ ಸರಿ, ಆದರೆ 72 ಅಲ್ಲ. ಯಾಕೆ? ಮೀಟರಿನೊಳಗಿನ 10 ಮೆಗಾ ಓಮ್ ಕೂಡ ಚಾರ್ಜ್ ಎಳೆಯುತ್ತದೆ, ಆದರೆ ಅದರಿಂದ ಒಂದೆರಡು ಸೆಕೆಂಡ್ ವ್ಯತ್ಯಾಸ ಅಷ್ಟೇ. ಹಿಂದಿನಿಂದ ಲೆಕ್ಕ ಹಾಕಿದರೆ ಕೆಪಾಸಿಟರ್ 409 ಮೈಕ್ರೋಫ್ಯಾರಡ್ ಇರಬೇಕು ಅಂತ ಬಂತು. ಬಿಚ್ಚಿ ಕೆಪಾಸಿಟೆನ್ಸ್ ಮೀಟರಿಗೆ ಹಾಕಿದೆ. 412! ಎಷ್ಟು ಖುಷಿಯಾಯಿತು ಅಂದರೆ ಹುಡುಗನನ್ನು ಕೂಗಿ ತೋರಿಸಿದೆ. ಇಂಥ ಕೆಪಾಸಿಟರಿಗೆ ಶೇ 20ರಷ್ಟು ಆಚೆ ಈಚೆ ಮಾಮೂಲು.

ಹಾಗಿದ್ದರೆ ಮೊದಲ ಬೋರ್ಡಿನಲ್ಲಿ ಐದು ನಿಮಿಷ ಆದಮೇಲೂ 290 ಹೇಗೆ ಉಳಿಯಿತು? ಲೆಕ್ಕದ ಪ್ರಕಾರ 20 ವೋಲ್ಟೂ ಇರಬಾರದು. ಮತ್ತೆ ಚಾರ್ಜ್ ಮಾಡಿ ಮೀಟರ್ ಇಟ್ಟು ಕಾದೆ. ನಿಮಿಷಕ್ಕೆ ಬರೀ ನಾಲ್ಕು ವೋಲ್ಟ್ ಇಳಿಯುತ್ತಿತ್ತು, ಅದೂ ಬಹುಪಾಲು ಮೀಟರಿನ ಮೂಲಕವೇ. ಡಿಸ್ಚಾರ್ಜ್ ಮಾಡಿ ಬ್ಲೀಡರ್ ತೆಗೆದು ನೋಡಿದರೆ ಓಪನ್, ಅಂದರೆ ಒಳಗೆ ತುಂಡಾಗಿ ಕರೆಂಟ್ ಹರಿಯುತ್ತಲೇ ಇಲ್ಲ. ಮೈಮೇಲೆ ಸುಟ್ಟ ಗುರುತು ಇಲ್ಲ, ಬಣ್ಣದ ಪಟ್ಟಿಗಳು ಹೊಸದರಂತೆ ಇವೆ. ಅದರ ಕೆಳಗೆ ಬೋರ್ಡು ಮಾತ್ರ ಸ್ವಲ್ಪ ಕಂದಿತ್ತು.

ಕೆಟ್ಟ ಬೋರ್ಡಿನಲ್ಲೇ ಅಪಾಯ ಜಾಸ್ತಿ. ಓಡುವ ಬೋರ್ಡು ಪ್ಲಗ್ ಕಿತ್ತ ಮೇಲೂ ಲೋಡಿಗೆ ಕೊಡುತ್ತಾ ಸ್ವಲ್ಪ ಚಾರ್ಜ್ ಖರ್ಚು ಮಾಡುತ್ತದೆ. ಐಸಿ ಸತ್ತಿದ್ದರೆ ಖರ್ಚಿಗೆ ದಾರಿಯೇ ಇಲ್ಲ, ಬ್ಲೀಡರ್ ಒಂದೇ ಗತಿ. ಔಟ್‌ಪುಟ್ ಎಲ್‌ಇಡಿ ಆರಿದ್ದು ನೋಡಿ ಖಾಲಿ ಆಯಿತು ಅಂದುಕೊಳ್ಳಬೇಡಿ.

ಈಗ ನಾನು ಕಾಯುವುದಿಲ್ಲ. 2.2 ಕಿಲೋ ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಕ್ಲಿಪ್ ಕಟ್ಟಿಟ್ಟಿದ್ದೇನೆ. ಇದರಲ್ಲಿ ಅರ್ಧ ಆಗಲು ಮುಕ್ಕಾಲು ಸೆಕೆಂಡೂ ಬೇಡ, ಆರು ಸೆಕೆಂಡಿಗೆ ಒಂದೆರಡು ವೋಲ್ಟ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡಬೇಡಿ. ಒಳಗೆ 24 ಜೌಲ್ ಇದೆ, ಕಿಡಿ ಹಾರಿ ತುದಿಯೂ ಬೋರ್ಡಿನ ತಾಮ್ರದ ಟ್ರ್ಯಾಕೂ ಕರಗುತ್ತವೆ. ಕ್ಲಿಪ್ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ವೋಲ್ಟೇಜ್ ತಾನಾಗೇ ಮತ್ತೆ ಕೆಲವು ವೋಲ್ಟ್ ಏರುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಗುಣ ಅದು. ಅದಕ್ಕೇ ಕೆಲಸ ಮುಗಿಯುವವರೆಗೂ ಕ್ಲಿಪ್ಪನ್ನು ಅಲ್ಲೇ ಬಿಟ್ಟಿರುತ್ತೇನೆ.